ಆಡು ಮುಟ್ಟಿದ ಸೊಪ್ಪು

“ಘಟನಾ ಸ್ಥಳದಲ್ಲಿ ಒಂದು ದೊಡ್ಡ ಗಿಡ ಇರುತ್ತದೆ. ಸದರಿ ಗಿಡದ ಬಣ್ಣ ಹಸಿರು ಇರುತ್ತದೆ.”

ಹವಾಲ್ದಾರ ಕಾಂತು ಪಂಚನಾಮೆಯನ್ನು ಇಷ್ಟು ಓದಿ, ಚಲೋ ಬರೆದಿದ್ದೇನಲ್ಲವೇ ಎನ್ನುವಂತೆ ನನ್ನ ಮುಖ ನೋಡಿದ.

“ಗಿಡದ ಬಗ್ಗೆ ಇಷ್ಟೇ ಏನು?” ಎಂದೆ.

“ಮತ್ತೇನ್ರಿ ಮೇಡಂ? ಗಿಡ ಹಸರ ಇರ್ತೈತಿ. ಅದರಾಗ ಬರಿಯಾಕ ಏನೈತ್ರಿ?”

ನನಗೆ ಮೈಯೆಲ್ಲ ಉರಿಯಿತು. ನಾರಾಯಣ ಕಾಕಾ ಆ ಮರದ ಬುಡದಲ್ಲೇ ತಲೆ ಒಡೆದು ಬಿದ್ದಿದ್ದ. ಬಸವನ ಬಾಗೇವಾಡಿಯಲ್ಲಿ ಜೀವಮಾನವಿಡೀ ಸಸ್ಯಶಾಸ್ತ್ರ ಕಲಿಸಿ, ನನಗೂ ಅದೇ ಹುಚ್ಚು ಹಿಡಿಸಿದ ನನ್ನ ಕಾಕಾ, ಅಪ್ಪನ ತಮ್ಮ. ಅವನು ಮಗುವಿನಂತೆ ಸಾಕಿದ ಮರಕ್ಕೆ ಈ ಠಾಣೆ ಕೊಟ್ಟ ಮರ್ಯಾದೆ ಎರಡು ಸಾಲು.

ಹೋದ ಸೋಮವಾರ ಮುಂಜಾನೆ ಅಗರಖೇಡದ ಹೊಲದಲ್ಲಿ ಅವನ ಹೆಣ ಸಿಕ್ಕಾಗ ಪಕ್ಕದಲ್ಲಿ ಎರಡು ವಸ್ತು ಬಿದ್ದಿದ್ದವು: ಒಂದು ಕೊಡಲಿ, ಎಲೆಸಮೇತ ಕಡಿದ ಒಂದು ಟೊಂಗೆ. ಕೊಡಲಿ ಕುರಿ ಕಾಯುವ ಬೀರಣ್ಣನದು. ಅದರ ಮೇಲೆ ಕಾಕಾನ ರಕ್ತವಿತ್ತು. ದಿನವೂ ಕರೆಸಿ ಕೇಳಿ, ನಿನ್ನೆ ಬೀರಣ್ಣನನ್ನು ಲಾಕಪ್ಪಿಗೆ ಹಾಕಿದ್ದರು.

“ನಾಳೆ ಮುಂಜಾನೆ ಅಂವನ್ನ ಕೋರ್ಟಿಗೆ ಒಯ್ಯಬೇಕ್ರಿ,” ಎಂದರು ಪಿಎಸ್‌ಐ ಜುಲ್ಫಿಕರ. ಕೆಟ್ಟ ಮನುಷ್ಯರಲ್ಲ. ನಿದ್ದೆಗೆಟ್ಟ ಮನುಷ್ಯರು. “ನಿಮ್ಮ ದುಃಖ ತಿಳೀತೈತಿ. ಆದರ ಕೇಸು ಸೀದಾ ಐತಿ. ಅವತ್ತ ರಾತ್ರಿ ಅಂವ ಮಾಸ್ತರ್ರ ಹೊಲದಾಗ ಕುರಿ ತರುಬಿದ್ದ. ಆಡಿಗೆ ಸೊಪ್ಪು ಬೇಕಾತು, ಗಿಡ ಏರಿ ಟೊಂಗಿ ಕಡದ. ಮುಂಜಾನೆ ಹರ್ಯಾಗ ಮಾಸ್ತರ್ರು ಬಂದ್ರು. ಅವರಿಗೆ ಆ ಗಿಡ ಅಂದ್ರ ಜೀವ. ಬಾಯಿಗೆ ಬಂದಂಗ ಬೈದಿರಬೇಕು. ಇಂವಗ ಸಿಟ್ಟು ನೆತ್ತಿಗೇರಿತು. ಮುಗೀತು.”

ಕುರಿ ತರುಬಿದ್ದು ನಿಜ. ಜೋಳದ ರಾಶಿ ಮುಗಿದ ಮೇಲೆ ನಮ್ಮ ಕಡೆ ಹೊಲದವರೇ ಕುರಿಯವರನ್ನು ಕರೆಸುತ್ತಾರೆ. ಸುತ್ತ ಬಲೆ ಕಟ್ಟಿ ಹಿಂಡನ್ನು ರಾತ್ರಿಯಿಡೀ ಹೊಲದಲ್ಲೇ ಕೂಡಿಹಾಕಿದರೆ ಹಿಕ್ಕೆಗೊಬ್ಬರ ಬೀಳುತ್ತದೆ. ಬೀರಣ್ಣನನ್ನು ಕರೆಸಿದ್ದು ಸ್ವತಃ ಕಾಕಾನೇ. ವರ್ಷವರ್ಷವೂ ಅವನನ್ನೇ ಕರೆಸುತ್ತಿದ್ದ.

“ಸಾಹೇಬ್ರ, ಅದು ಯಾವ ಗಿಡ ಅಂತ ಗೊತ್ತದ ಏನು ನಿಮಗ?”

“ಹಸರ ಗಿಡ,” ಎಂದರು ಅವರು, ನಗದೆ.

“ಬರಕೋರಿ,” ಎಂದು ಕಾಂತುವಿನ ಮುಂದೆ ಕೂತೆ. ತರಗತಿಯಲ್ಲಿ ಹೇಳಿ ಹೇಳಿ ಬಾಯಿಗೆ ಬಂದ ಪಾಠ. “ಹೆಸರು ಸಾಲುಧೂಪ. ಸಹ್ಯಾದ್ರಿಯ ನಿತ್ಯಹಸಿರು ಮಳೆಕಾಡಿನ ಮರ. ಕಾಂಡ ಕಂಬದಂತೆ ನೇರ, ಬೆಳೆದ ಮರಕ್ಕೆ ಬಹಳ ಎತ್ತರದವರೆಗೆ ಕೊಂಬೆ ಇರುವುದಿಲ್ಲ. ತೊಗಟೆ ಬೂದು, ಅದರ ಮೇಲೆ ಬಿಳಿ, ಹಸಿರು ಮಚ್ಚೆ. ಕಚ್ಚು ಹಾಕಿದರೆ ಹಾಲು ಬರುವುದಿಲ್ಲ, ಅಂಟು ಒಸರುತ್ತದೆ. ಅದು ಗಟ್ಟಿಯಾದರೆ ಧೂಪ. ಎಲೆ ಬಿಡಿಬಿಡಿ, ದಪ್ಪ, ತೊಗಲಿನಂಥದು. ನಡುನರದಿಂದ ಅಡ್ಡನರಗಳು ಬಾಚಣಿಕೆಯ ಹಲ್ಲಿನಂತೆ ಸಾಲಾಗಿ ಹೊರಡುತ್ತವೆ. ತೊಟ್ಟು ಎಲೆಯನ್ನು ಸೇರುವಲ್ಲಿ ಉಬ್ಬಿ ಮೊಣಕಾಲಿನಂತೆ ಬಾಗಿರುತ್ತದೆ. ಚಿಗುರು ಕೆಂಪು. ಹೂ ಬಿಳಿ, ಗೊಂಚಲು, ಘಮಘಮ. ಕಾಯಿ ಮೂರು ಹೋಳಾಗಿ ಬಿರಿಯುತ್ತದೆ, ಒಳಗೆ ಒಂದೇ ಬೀಜ. ಆ ಬೀಜವನ್ನು ಕೂಡಿಡಲು ಬರುವುದಿಲ್ಲ. ಉದುರಿದ ಕೂಡಲೇ ನೆಲ ಸೇರದಿದ್ದರೆ ಸಾಯುತ್ತದೆ.”

ಕಾಂತು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡ. “ಮೇಡಂ, ‘ದೊಡ್ಡ ಗಿಡ’ ಅಂದ್ರ ಇದೆಲ್ಲಾ ಅದರಾಗ ಬಂತಲ್ರಿ?”

ಕೋಣನ ಮುಂದೆ ಕಿನ್ನರಿ! ಬಾಯಿಗೆ ಬಂದದ್ದನ್ನು ನುಂಗಿಕೊಂಡು ಜುಲ್ಫಿಕರ ಅವರ ಕಡೆ ತಿರುಗಿದೆ.

“ಇಷ್ಟು ದಪ್ಪ ಎಲಿ, ಒಳಗ ಧೂಪದ ಅಂಟು. ಆಡು ಇದನ್ನ ಮೂಸಿ ಸುದ್ದಾ ನೋಡೂದಿಲ್ಲ. ಆಡು ತಿನ್ನದ ಸೊಪ್ಪಿನ ಸಲುವಾಗಿ ಬೀರಣ್ಣ ಯಾಕ ಗಿಡಾ ಏರತಾನ?”

“ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ರಿ ಮೇಡಂ.”

“ಗಾದಿಮಾತು ಸಾಕ್ಷಿ ಅಲ್ರಿ.”

“ನಿಮ್ಮ ಪಾಠಾನೂ ಅಲ್ರಿ.”

“ಹಂಗಾರ ಆಡನ್ನೇ ಕೇಳೂಣ ನಡೀರಿ!”

ಸಿಟ್ಟಿನಲ್ಲಿ ಅಂದ ಮಾತು. ಅವರು ಎದ್ದೇಬಿಡುತ್ತಾರೆ ಎಂದುಕೊಂಡಿರಲಿಲ್ಲ. ಠಾಣೆಯ ಬೇವಿನ ಗಿಡದ ಕೆಳಗೆ ಬೀರಣ್ಣನ ಹೆಂಡತಿ ಸುಂದರವ್ವ ನಿನ್ನೆಯಿಂದ ಕೂತಿದ್ದಳು. ಒಳಗಿಂದ ಹೊರಗೆ ಹೋಗುವಾಗೊಮ್ಮೆ, ಹೊರಗಿಂದ ಒಳಗೆ ಬರುವಾಗೊಮ್ಮೆ ಅವಳ ಮುಖ ನೋಡುವುದು ಅವರಿಗೂ ಸಾಕಾಗಿತ್ತೋ ಏನೋ. ಸಾಕ್ಷಿಯ ಮುದ್ದೆಮಾಲೆಂದು ಚೀಲದಲ್ಲಿ ಸುತ್ತಿಟ್ಟಿದ್ದ ಟೊಂಗೆಯನ್ನೂ ಜೀಪಿಗೆ ಹಾಕಿಸಿದರು.

ನಾನು ಸುಂದರವ್ವನನ್ನು ಕರೆದುಕೊಂಡು ತಮ್ಮನ ಕಾರು ಹತ್ತಿದೆ.

ವಿನೀತ ನನ್ನ ಬೆನ್ನಿಗೆ ಬಿದ್ದ ತಮ್ಮ. ಕಾಕಾನ ಹೊಲ ಮಾಡುವವನೂ ಅವನೇ. ಬೆಳಿಗ್ಗೆ ಸಿಂದಗಿಯಿಂದ ನನ್ನನ್ನು ಇಂಡಿಯ ಈ ಠಾಣೆಗೆ ಕರೆತಂದು, ಊಟವಿಲ್ಲದೆ ಕಾಯುತ್ತಿದ್ದ. ಕೆನ್ನೆಯ ಮೇಲೆ ಗಡ್ಡ ಬೆಳೆದಿತ್ತು. ಹೊರಗೆ ಕೊಟ್ಟ ಹೆಣ್ಣುಮಗಳಾದ ನನಗೆ ಸೂತಕ ಮೂರೇ ದಿನ. ಅವನಿಗೆ ಪೂರಾ ಹತ್ತು ದಿನ.

ಗಾಜು ಏರಿಸಿದ ಕಾರಿನಲ್ಲಿ ಧೂಪದ ವಾಸನೆ ಗಮ್ಮೆಂದಿತು.

“ಏನೋ ಇದು, ಕಾರು ದೇವರಮನಿ ಆಗೇದಲ್ಲ?”

“ಮುಂಜಾನೆ ಅಗರಬತ್ತಿ ಹಚ್ಚಿದ್ದೆ ಅಕ್ಕಾ,” ಎಂದು ಗೇರು ಹಾಕಿದ. “ಈಗ ಎಲ್ಲಿಗೆ?”

“ಅಗರಖೇಡಕ್ಕ. ಆಡಿಗೆ ಸೊಪ್ಪು ಹಾಕಿ ನೋಡಲಿಕ್ಕೆ.”

ಅವನು ನನ್ನನ್ನೇ ನೋಡಿದ. “ಹೊಲದಾಗ ಮತ್ತೇನು ನೋಡೂದದ? ಕಾಕಾ ಹೋದ. ನೀ ಎಷ್ಟು ತಲಿ ಚಚ್ಚಿಕೊಂಡರೂ ಎದ್ದು ಬರೂದಿಲ್ಲ. ಯಾಕ ಸುಮ್ಮನ ಹಟಾ ಹಿಡದಿ?”

“ಬೀರಣ್ಣ ಕೊಂದಿಲ್ಲ ಅಂತ ನನ್ನ ಮನಸ್ಸು ಹೇಳ್ತದ.”

ಹಿಂದಿನ ಸೀಟಿನಿಂದ ಸುಂದರವ್ವ ಮುಂದೆ ಬಾಗಿದಳು. “ಗಿಡಾ ಮುಟ್ಟಿಲ್ರಿ ಬಾಯಾರ. ಬೆಳಕು ಹರಿಯೂದ್ರಾಗ ನಾವಿಬ್ರೂ ಹಿಂಡು ಹೊಡಕೊಂಡು ಹೊಳಿಗೆ ಹೋಗಿದ್ವಿ. ನಮ್ಮಾಂವ ಕೊಡಲಿ ಮರತಿದ್ದ. ತರ್ತೇನಿ ಅಂತ ಹೊಳ್ಳಿ ಹೋದ. ಅಷ್ಟರಾಗ ಅಲ್ಲಿ ಮಂದಿ ನೆರೆದಿತ್ತು. ಮಾಸ್ತರ್ರ ಮೈಮ್ಯಾಲೆ ಬಿದ್ದು ಅತ್ತಾನ್ರಿ ಅಂವ. ಅಂಗಿಗೆ ಹತ್ತಿದ ರಕ್ತ ಅದೇರಿ. ಅಳೂದು ಗುನ್ನೆ ಏನ್ರಿ?”

ವಿನೀತ ಕಾರಿನ ವೇಗ ಏರಿಸಿದ. ರಸ್ತೆಯ ಎರಡೂ ಬದಿ ನಿಂಬೆತೋಟಗಳು ಧೂಳು ಹೊದ್ದು ನಿಂತಿದ್ದವು.

ಮಳೆಕಾಡಿನ ಆ ಮರ ಈ ಎರೆಹೊಲಕ್ಕೆ ಬಂದದ್ದೇ ಒಂದು ಹಟದ ಕಥೆ. ಕಾಕಾ ನೌಕರಿ ಹಿಡಿದ ಹೊಸದರಲ್ಲಿ ಘಟ್ಟದಿಂದ ಸಸಿ ತಂದು ಬಾವಿಯ ದಂಡೆಯಲ್ಲಿ ನೆಟ್ಟ. ಮಂದಿ ನಕ್ಕರು. ಬೇಸಿಗೆಯಲ್ಲಿ ನೆರಳಿಗೆ ಮೇಲೆ ಗೋಣಿತಟ್ಟು ಕಟ್ಟಿದ, ಕೊಡದಿಂದ ನೀರು ಹೊತ್ತ. ಮರ ಬದುಕಿತು. ಅದರ ಬೀಜದಿಂದ ಅವನು ಎಬ್ಬಿಸಿದ ಒಂದೇ ಒಂದು ಸಸಿ ನನ್ನ ಮದುವೆಯ ಉಡುಗೊರೆಯಾಯಿತು. ಮುದ್ದೇಬಿಹಾಳದಲ್ಲಿ ನನ್ನ ಗಂಡನ ಮನೆತನದ ಹೊಲವಿದೆ, ಕಾಲುವೆಯ ಪಕ್ಕ. ಅಲ್ಲಿ ನೆಟ್ಟು ಬಂದೆ. ಮೊದಲ ಬೇಸಿಗೆಗೇ ಒಣಗಿತು ಎಂದು ಅತ್ತೆ ರುಕ್ಮಿಣೀಬಾಯಿ ಫೋನಿನಲ್ಲಿ ಹೇಳಿದರು. ನಾನು ಸಿಂದಗಿಯ ನೌಕರಿಯಲ್ಲಿ, ನಮ್ಮವರು ಅಲ್ಲಿ. ಒಣಗಿದ್ದನ್ನು ನೋಡಲೆಂದು ಹೊಲಕ್ಕೆ ಯಾರು ಹೋಗುತ್ತಾರೆ? ಕಾಕಾನ ಮುಂದೆ ಆ ಮಾತು ಹೇಳುವಾಗ ಮಾತ್ರ ನಾಚಿಕೆಯಿಂದ ಸತ್ತುಹೋಗಿದ್ದೆ.

“ನಾಕೂ ತಾಲೂಕಿನಾಗ ಇನ್ನ ಇದೊಂದೇ,” ಎಂದಿದ್ದ ಅವನು, ಬೇರೇನೂ ಬೈಯದೆ.

ಹೊಲದಲ್ಲಿ ಬಿಸಿಲು ಸುರಿಯುತ್ತಿತ್ತು. ಜೋಳದ ಕೂಳೆ, ಬಾಯಿಬಿಟ್ಟ ಕರಿನೆಲ, ನಡುವೆ ಬಾವಿ, ಬಾವಿಯ ದಂಡೆಗೆ ಆ ಮರ. ತುದಿಯ ತುಂಬ ಬಿಳಿ ಹೂ. ಪಕ್ಕದ ಹೊಲದಲ್ಲಿ ಸುಂದರವ್ವನ ಹಿಂಡು ಅವಳ ಮೈದುನನ ಕಾವಲಿನಲ್ಲಿ ಮೇಯುತ್ತಿತ್ತು. ಅವಳು ನಾಲ್ಕಾರು ಆಡುಗಳನ್ನು ಹೊಡೆದುಕೊಂಡು ಬಂದಳು.

ಸೊಪ್ಪು ಬೇಕಲ್ಲ? ಕಾಂತು ಬಿದಿರಿಗೆ ಕುಡುಗೋಲು ಕಟ್ಟಿದ. ಎಟುಕಲಿಲ್ಲ. ಬಿದಿರಿಗೆ ಬಿದಿರು ಜೋಡಿಸಿ, ಜೀಪಿನ ಬಾನೆಟ್ಟಿನ ಮೇಲೆ ನಿಂತು, ಬೆವರು ಒರೆಸಿಕೊಳ್ಳುತ್ತ, ಪೊಲೀಸು ನೌಕರಿಗೆ ಶಾಪ ಹಾಕುತ್ತ, ಕಡೆಗೊಂದು ಬೆರಳು ಗಾತ್ರದ ಟಿಸಿಲು ಕೆಡವಿದ. ಮೇಲೆ ಕಡಿದ ಜಾಗದಲ್ಲಿ ಅಂಟು ಹನಿಗಟ್ಟಿ ಬಿಸಿಲಿಗೆ ಮಿಂಚತೊಡಗಿತು.

ಟಿಸಿಲನ್ನು ಆಡುಗಳ ಮುಂದೆ ಹಾಕಿದೆವು.

ಮುಂಚೂಣಿಯ ಕರಿ ಆಡು ಬಂದು ಮೂಸಿತು. ಮೂತಿ ಸೊಟ್ಟ ಮಾಡಿ ಒಂದು ಹೆಜ್ಜೆ ಹಿಂದೆ ಸರಿಯಿತು.

“ನೋಡಿದ್ರಿ?” ಎಂದು ನಾನು ಎದೆ ಸೆಟೆಸಿ ಜುಲ್ಫಿಕರರ ಕಡೆ ತಿರುಗಿದೆ.

ಅವರು ನನ್ನ ಬೆನ್ನ ಹಿಂದೆ ಬೆರಳು ಮಾಡಿ ತೋರಿಸಿದರು.

ಕರಿ ಆಡು ಟಿಸಿಲಿಗೆ ಕಾಲು ಕೊಟ್ಟು ಎಲೆ ಹರಿಯುತ್ತಿತ್ತು. ಉಳಿದವೂ ನುಗ್ಗಿದವು. ಆ ದಪ್ಪ, ತೊಗಲಿನಂಥ, ಧೂಪದ ಅಂಟಿನ ಎಲೆಯನ್ನು ಅವು ಹಬ್ಬದ ಹೋಳಿಗೆಯಂತೆ ತಿಂದವು. ಕಣ್ಣು ಮಿಟುಕಿಸುವುದರಲ್ಲಿ ಬರೀ ಕಡ್ಡಿ ಉಳಿಯಿತು. ಕರಿ ಆಡು ಅದನ್ನೂ ನೆಕ್ಕಿತು.

ಕಾಂತು ಕಿಸಕ್ಕನೆ ನಕ್ಕ. ಜುಲ್ಫಿಕರ ನಗಲಿಲ್ಲ. ಅವರೂ ನಕ್ಕಿದ್ದರೆ ಚಲೋ ಇತ್ತು.

“ನಡೀರಿ ಮೇಡಂ,” ಎಂದರು ಮೆಲ್ಲಗೆ. “ನನಗ ಸ್ಟೇಶನ್ನಾಗ ಕೆಲಸ ಐತಿ.”

ನನಗೆ ಅಳು ಬಂತು. ಅಳುವಿಗಿಂತ ಸಿಟ್ಟು ದೊಡ್ಡದಾಗಿತ್ತು. ಇಷ್ಟು ವರ್ಷ ಎಲೆಯ ನರ ಎಣಿಸಿದೆ, ತೊಟ್ಟು ಅಳೆದೆ. ಆ ಎಲೆಯನ್ನು ಯಾರು ತಿನ್ನುತ್ತಾರೆ ಎಂದು ಒಂದು ದಿನವೂ ನೋಡಲಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಇದೆ ಎಂದು ಭಂಡಧೈರ್ಯದಿಂದ ಸಾಧಿಸಿ, ಒಬ್ಬನ ಕೊರಳಿನ ಹಗ್ಗವನ್ನು ನಾನೇ ಬಿಗಿದಿದ್ದೆ. ಕಾಕಾ ಇದ್ದಿದ್ದರೆ ತಲೆಯ ಮೇಲೊಂದು ಮೊಟಕುತ್ತಿದ್ದ.

“ಆತಲ್ಲ ಅಕ್ಕಾ, ಇನ್ನರೆ ನಡಿ,” ಎಂದು ವಿನೀತ ತೋಳು ಹಿಡಿದ. “ಬಿಸಲಾಗ ಎಷ್ಟೊತ್ತು ನಿಂದರ್ತಿ?”

ಹಿಂದೆ ಸುಂದರವ್ವ ಹುಚ್ಚು ಹಿಡಿದವಳಂತೆ ಆಡುಗಳಿಗೆ ಬಡಿಯುತ್ತಿದ್ದಳು. “ತಿನ್ರಿ, ತಿಂದು ಸಾಯ್ರಿ! ನಿಮ್ಮ ಹೊಟ್ಟಿ ಹಾಳಾಗ್ಲಿ! ನಿಮ್ಮನ್ನ ಮಕ್ಕಳಂಗ ಸಾಕಿ ಅಂವ ಒಳಗ ಕುಂತಾನ. ಒಂದು ಎಲಿ ಬಿಡಲಿಲ್ಲಲ್ಲ, ಒಂದೇ ಒಂದು ಎಲಿ!”

ಕಾರಿನ ಬಾಗಿಲಿಗೆ ಕೈ ಹಾಕಿದ್ದವಳು ಹಾಗೇ ನಿಂತೆ.

ಒಂದು ಎಲೆ ಬಿಡಲಿಲ್ಲ.

“ಸುಂದರವ್ವಾ, ಬಡೀಬ್ಯಾಡ, ಬಿಡು,” ಎಂದು ಓಡಿದೆ. “ಅವತ್ತು ರಾತ್ರಿ ಹಿಂಡು ಎಲ್ಲಿ ತರುಬಿದ್ರಿ? ಸರಿಯಾಗಿ ಜಾಗಾ ತೋರಸು.”

“ಇಲ್ಲೇರಿ ಬಾಯಾರ. ಈ ಗಿಡದ ಬುಡಕ. ಬಾವಿಗೆ ಹಚ್ಚಿ ಸುತ್ತೂ ಬಲಿ ಕಟ್ಟಿದ್ವಿ. ಹಿಕ್ಕಿ ಬಿದ್ದಾವ ನೋಡ್ರಿ, ಇನ್ನೂ ಅದಾವು.”

“ಗಿಡ ಬಲಿ ಒಳಗಿತ್ತೋ, ಹೊರಗಿತ್ತೋ?”

“ಒಳಗರಿ. ಗಿಡಕ್ಕ ಬಲಿ ಸುತ್ತಿದ್ವಿ.”

“ಆಡೂ ಇದ್ದುವೇನು?”

“ಆಡೂ ಕುರೀನೂ ಕೂಡೇ. ಎಲ್ಲಾ ಇಲ್ಲೇ.”

ಜೀಪು ಹತ್ತುತ್ತಿದ್ದ ಜುಲ್ಫಿಕರರನ್ನು ಕೂಗಿದೆ. “ಸಾಹೇಬ್ರ! ನಿಮ್ಮ ಟೊಂಗಿ ಇಳಸ್ರಿ!”

“ಸಾಕ್ರಿ ಮೇಡಂ.”

“ಇಳಸ್ರಿ ಅಂದೆ!”

ನನ್ನ ದನಿ ಕೇಳಿ ಪಕ್ಕದ ಹೊಲದ ನಾಯಿ ಬೊಗಳಿತು. ಕಾಂತು ಚೀಲ ಬಿಚ್ಚಿ ಟೊಂಗೆಯನ್ನು ನೆಲದ ಮೇಲಿಟ್ಟ. ಮುಂಗೈ ಗಾತ್ರದ ಟೊಂಗೆ. ಎಲೆಗಳು ಒಣಗಿ ಸುರುಟಿದ್ದವು. ಆದರೆ ಎಲ್ಲವೂ ಇದ್ದವು. ಬುಡದಿಂದ ತುದಿಯವರೆಗೆ ಒಂದಕ್ಕೂ ಆಡಿನ ಬಾಯಿ ತಗುಲಿರಲಿಲ್ಲ.

“ನೋಡ್ರಿ,” ಎಂದೆ. ಉಸಿರು ಹತ್ತಿತ್ತು. “ರಾತ್ರಿ ಆಡಿಗೆ ಸೊಪ್ಪು ಬೇಕಾತು ಅಂತ ಬೀರಣ್ಣ ಕಡದಾ ಅಂದ್ರಿ. ಹಿಂಡು ಇಡೀ ರಾತ್ರಿ ಇದೇ ಬುಡದಾಗ ಇತ್ತು. ಈಗ ನಿಮ್ಮ ಕಣ್ಣಮುಂದ ಟಿಸಲು ಏನಾತು? ಮತ್ತ ಇದು ಹೆಂಗ ಉಳೀತು?”

ಅವರು ಟೊಂಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಟೊಪ್ಪಿಗೆ ತೆಗೆದರು.

“ಹರ್ಯಾಗ ಕಡದಿರಬಹುದಲ್ರಿ?”

“ಹರ್ಯಾಗ ಆಡು ಹೊಳಿಗೆ ಹೋಗಿದ್ದುವು. ಯಾರಿಗೆ ತಿನ್ನಸಲಿಕ್ಕೆ ಕಡೀತಾನ? ನಿಮಗ?”

ಕಾಂತು ಕೆಮ್ಮಿದ. ಜುಲ್ಫಿಕರ ಒಂದು ಎಲೆಯನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. “ಅಂದ್ರ ಹಿಂಡು ಹೋದ ಮ್ಯಾಲೆ ಯಾರೋ ಇದನ್ನ ಕಡದು ಇಲ್ಲಿ ಒಗದಾರ ಅಂತೀರಿ.”

“ಒಗದಾರ, ಹೌದು. ಇಲ್ಲಿ ಕಡದಾರೋ ಇಲ್ಲೋ ನೋಡೂಣ. ಈ ಗಿಡದಾಗ ಗಾಯ ತೋರಸ್ರಿ.”

ನಾವೆಲ್ಲ ಕತ್ತು ಮೇಲೆತ್ತಿ ಮರದ ಸುತ್ತ ತಿರುಗಿದೆವು. ಮಚ್ಚೆ ಮಚ್ಚೆಯ ಕಾಂಡ ನುಣ್ಣಗಿತ್ತು. ಮುಂಗೈ ಗಾತ್ರದ ಟೊಂಗೆ ಕಡಿದರೆ ಅಲ್ಲಿ ಅಂಟು ಒಸರಿ ಬೆಳ್ಳಗೆ ಗಡ್ಡೆ ಕಟ್ಟಬೇಕು. ಕಾಂತು ಈಗಷ್ಟೇ ಮಾಡಿದ ಬೆರಳು ಗಾತ್ರದ ಗಾಯ ಕೆಳಗಿನಿಂದಲೇ ಹೊಳೆಯುತ್ತಿತ್ತು. ಅದು ಬಿಟ್ಟರೆ ಎಲ್ಲಿಯೂ ಏನೂ ಇರಲಿಲ್ಲ.

“ಸೋಮವಾರ ನಿಮ್ಮವರು ಯಾರರೆ ಮ್ಯಾಲೆ ನೋಡಿದ್ರೇನು?”

“ನಾವ ಹೆಣಾ ನೋಡಾಕ ಬಂದಿದ್ವಿರಿ, ಗಿಡಾ ನೋಡಾಕಲ್ಲ,” ಎಂದ ಕಾಂತು.

ಅವನನ್ನು ಬೈಯಲು ನನಗೆ ಬಾಯಿರಲಿಲ್ಲ. ಸೋಮವಾರ ನಾನೂ ನೆಲವನ್ನೇ ನೋಡಿದ್ದೆ.

ಮರದ ಕೆಳಗೆ ಉದುರಿದ್ದ ಹಳೆಯ ಎಲೆಯೊಂದನ್ನು ಆರಿಸಿ ಟೊಂಗೆಯ ಎಲೆಯ ಪಕ್ಕ ಹಿಡಿದೆ. ಅದೇ ಬಾಚಣಿಕೆ ನರ, ಅದೇ ಬಾಗಿದ ತೊಟ್ಟು. ಆದರೆ ಉದುರಿದ ಎಲೆ ನನ್ನ ಅಂಗೈಯಷ್ಟು. ಟೊಂಗೆಯದು ಸುರುಟಿದ್ದರೂ ಮೊಣಕೈಯಿಂದ ಬೆರಳ ತುದಿಯವರೆಗೆ ಬರುತ್ತಿತ್ತು.

“ಇದು ಎಳೇ ಗಿಡದ್ದು,” ಎಂದೆ. “ಎಳೇದಿದ್ದಾಗ ಇದರ ಎಲಿ ಇಷ್ಟು ದೊಡ್ಡವು ಇರ್ತಾವ. ಬೆಳಕೋತ ಹೋದಂಗ ಸಣ್ಣವು ಆಗ್ತಾವ. ಎಳೇ ಗಿಡಕ್ಕ ಟೊಂಗಿ ಕೆಳಗೇ ಇರ್ತಾವ, ನೆಲದ ಮ್ಯಾಲೆ ನಿಂತು ಯಾರ ಬೇಕಾದರೂ ಕಡೀಬಹುದು. ಇಲ್ಲಿ ಏರಲಿಕ್ಕೆ ಆಗದವರು ಅಲ್ಲಿ ಕಡದು ತಂದಾರ.”

“ಅಲ್ಲಿ ಅಂದ್ರ ಎಲ್ಲಿ?”

ನಾನು ಕೈಯಲ್ಲಿದ್ದ ಎಲೆಯನ್ನೇ ತಿರುಗಿಸಿದೆ.

“ನಾಕೂ ತಾಲೂಕಿಗೆ ಇದೊಂದ ಗಿಡ ಅಂತ ಮಾಸ್ತರ್ರು ಊರ ತುಂಬಾ ಹೇಳಿದ್ರಂತ,” ಎಂದರು ಜುಲ್ಫಿಕರ. “ಬೀಜಾ ಇಟ್ರ ಸಾಯ್ತಾವು ಅಂತ ನೀವ ಬರಸಿದ್ರಿ. ಹಂಗಾರ ಎರಡನೇ ಗಿಡ ಎಲ್ಲಿಂದ ಹುಟ್ಟತು?”

“ಅದೇ ಮಾತು ನಾ ಹೇಳಬೇಕಂತಿದ್ದೆ,” ಎಂದ ವಿನೀತ, ಕಾರಿನ ಬಳಿಯಿಂದ. “ಇನ್ನೊಂದು ಗಿಡ ಎಲ್ಲೂ ಇಲ್ಲರಿ ಸಾಹೇಬ್ರ. ಹೊಲಾ ಮಾಡಾಂವ ನಾನು, ನನಗ ಗೊತ್ತಿಲ್ಲೇನು? ಅಕ್ಕಾಗ ಕಾಕಾ ಹೋದ ಸಂಕಟ, ಅದಕ್ಕ ಹಿಂಗ ಮಾತಾಡ್ತಾಳ.”

ತಮ್ಮನಿಗೆ ಕಪಾಳಕ್ಕೆ ಹೊಡೆಯಬೇಕೆನಿಸಿತು. ಜಗತ್ತೆಲ್ಲ ನನ್ನ ಮಾತು ಕಿತ್ತುಕೊಳ್ಳಲೆಂದೇ ನಿಂತಂತಿತ್ತು.

ಜುಲ್ಫಿಕರ ಎದ್ದು ಮೊಣಕಾಲಿನ ಮಣ್ಣು ಕೊಡವಿದರು. “ಮೇಡಂ, ನಿಮ್ಮ ಮಾತು ನನಗ ಖರೇ ಅನಸಾಕತ್ತೈತಿ. ಆದರ ಕೊಡಲಿ ಅಂವಂದು. ರಕ್ತ ಮಾಸ್ತರ್ರದು. ಆಡು ಸೊಪ್ಪು ತಿಂದುವು ಅಂತ ಹೇಳಿ ಒಬ್ಬಾವ್ನ ಬಿಟ್ರ ಮ್ಯಾಲಿನವ್ರು ನನ್ನ ಯೂನಿಫಾರ್ಮ್ ಬಿಚ್ಚಸ್ತಾರ. ನನಗ ಆ ಎರಡನೇ ಗಿಡ ತೋರಸ್ರಿ. ಅದರಾಗ ಗಾಯ ತೋರಸ್ರಿ. ಯಾರ ಹೊಲದಾಗ ಐತಿ ಅನ್ನೂದು ತಿಳೀತಂದ್ರ ಬೀರಣ್ಣನ ದಾರಿ ಬ್ಯಾರೇನ ಆಗ್ತೈತಿ. ಮುಂಜಾನೆದೊಳಗ ತೋರಸ್ರಿ. ಕೋರ್ಟಿಗೆ ಹೋದ ಮ್ಯಾಲೆ ನನ್ನ ಕೈಯಾಗ ಏನೂ ಇರಂಗಿಲ್ಲ.”

ಹೊರಡುವಾಗ ಸುಂದರವ್ವ ನನ್ನ ಕೈ ಹಿಡಿದಳು. ಕೋಲು ಹಿಡಿದು ಒರಟಾದ ಕೈ. “ಗಿಡಾ ಹುಡುಕ್ತೀರಿಲ್ರಿ ಬಾಯಾರ?”

“ಹುಡುಕ್ತೀನಿ,” ಎಂದೆ. ಯಾವ ಧೈರ್ಯದ ಮೇಲೆ ಹೇಳಿದೆನೋ.

ಅವಳು ಹಿಂಡಿನ ಜೊತೆ ಉಳಿದಳು. ನಾವಿಬ್ಬರೇ ಸಿಂದಗಿಯ ಕಡೆ ಹೊರಟೆವು. ಹೊತ್ತು ಇಳಿಯತೊಡಗಿತ್ತು. ತಾಂಬಾ ಹತ್ತಿರವಾಗುವವರೆಗೂ ನಾನು ಮನಸ್ಸಿನಲ್ಲೇ ಊರೂರು ಅಲೆದೆ. ಮೋರಟಗಿಯಲ್ಲಿ ಕಾಕಾನ ಶಿಷ್ಯರಿದ್ದಾರೆ. ಬಾಗೇವಾಡಿಯಲ್ಲಿ ಅವನ ಮನೆಯ ಹಿತ್ತಲಿದೆ. ಹಿತ್ತಲಿನ ಮೂಲೆ ಮೂಲೆ ನನಗೆ ಗೊತ್ತು, ಅಲ್ಲಿ ಇಲ್ಲ. ಯಾರೋ ಮಳೆಗಾಲದಲ್ಲಿ ಬೀಜ ಆರಿಸಿ ಅಂದೇ ನೆಲಕ್ಕೆ ಹಾಕಿರಬೇಕು. ಅಥವಾ ಕಾಕಾ ನನಗೆ ಹೇಳದೆ ಇನ್ನೊಂದು ಸಸಿ ಎಬ್ಬಿಸಿರಬೇಕು. ನನಗೆ ಹೇಳದೆ ಅವನು ಒಂದು ಹುಲ್ಲನ್ನೂ ನೆಟ್ಟವನಲ್ಲ. ಎತ್ತ ತಿರುಗಿದರೂ ಗೋಡೆ.

ತಲೆ ಸಿಡಿಯುತ್ತಿತ್ತು. ಕಾದ ಕಾರಿನಲ್ಲಿ ಆ ಧೂಪದ ವಾಸನೆ ಮಧ್ಯಾಹ್ನಕ್ಕಿಂತ ಜೋರಾಗಿತ್ತು.

“ಎಷ್ಟು ಅಗರಬತ್ತಿ ಹಚ್ಚಿದ್ಯೋ ಮಾರಾಯ? ಮುಂಜಾನೆದ್ದು ಇನ್ನೂ ಹೋಗಿಲ್ಲ.”

ಅವನು ಕೆನ್ನೆಯ ಗಡ್ಡ ಕೆರೆದುಕೊಂಡ.

ಆ ಗಡ್ಡವನ್ನೇ ನೋಡಿದೆ. ಸೂತಕದ ಗಡ್ಡ. ನಮ್ಮ ಮನೆಯಲ್ಲಿ ದೇವರ ಮುಂದಿನ ದೀಪವನ್ನೂ ಮುಟ್ಟದ ದಿನಗಳಿವು. ಅಗರಬತ್ತಿ ಹಚ್ಚುವ ಮಾತೆಲ್ಲಿ? ನನ್ನ ಸೂತಕ ಮುಗಿದಿದ್ದರಿಂದ ನನಗದು ಹೊಳೆದಿರಲಿಲ್ಲ. ಅವನದು ಮುಗಿದಿಲ್ಲ.

ಹುಚ್ಚು ಯೋಚನೆ ಎಂದು ನನ್ನನ್ನೇ ಬೈದುಕೊಂಡೆ. ಚಿಕ್ಕವನಿದ್ದಾಗ ಇವನ ಮೂಗು ಒರೆಸಿದ್ದು ನಾನು. ಆದರೂ ಕೈ ಕೇಳಲಿಲ್ಲ. ಚಪ್ಪಲಿ ಸರಿಮಾಡುವ ನೆಪದಲ್ಲಿ ಬಾಗಿ ಸೀಟಿನ ಕೆಳಗೆ ಕೈ ಹಾಕಿದೆ.

ಬೆರಳು ಅಂಟಿಕೊಂಡವು.

ಎಳೆದು ತೆಗೆದೆ. ಬಿಸಿಲಿಗೆ ಮೆತ್ತಗಾದ ಅಂಟು ಅಂಗೈಗೆಲ್ಲ ಮೆತ್ತಿತ್ತು. ಅದರಲ್ಲೊಂದು ತೊಗಟೆಯ ಚೂರು. ಬೂದು ಬಣ್ಣ, ಮೇಲೆ ಬಿಳಿ, ಹಸಿರು ಮಚ್ಚೆ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಜುಲ್ಫಿಕರ. ಯಾವ ಕೈಯಿಂದ ಎತ್ತುತ್ತಿದ್ದೇನೆ ಎಂಬ ಎಚ್ಚರವಿಲ್ಲದೆ ಎತ್ತಿದೆ.

“ಮೇಡಂ, ಒಂದು ವಿಚಾರ ಬಂತು,” ಎಂದಿತು ಆ ದಣಿದ ದನಿ. “ನಿಮ್ಮ ಕಾಕಾ ಯಾರಿಗರೆ ಸಸಿ ಕೊಟ್ಟಿದ್ರೇನು, ನೆನಪು ಮಾಡ್ಕೋರಿ. ಹಲೋ? ಕೇಳಸಾಕತ್ತೈತಿಲ್ರಿ?”

ವಿನೀತ ನನ್ನ ಕೈ ನೋಡಿದ. ಕಾರನ್ನು ಒಂದು ನಿಂಬೆತೋಟದ ಬೇಲಿಗೆ ಹಚ್ಚಿ ನಿಲ್ಲಿಸಿದ. ಸ್ಟೇರಿಂಗಿನ ಮೇಲೆ ಹಣೆ ಇಟ್ಟ. ಅವನ ಭುಜ ಕುಣಿಯುತ್ತಿತ್ತು. ಸಣ್ಣವನಿದ್ದಾಗಲೂ ಹೀಗೇ ಸದ್ದಿಲ್ಲದೆ ಅಳುತ್ತಿದ್ದ.

ಫೋನನ್ನು ಎದೆಗೆ ಒತ್ತಿಕೊಂಡೆ. “ಟೊಂಗಿ ನೀ ತಂದ್ಯಾ?”

“ತಂದು ಒಗದಾಂವ ನಾನು,” ಎಂದ. “ಕಡದಾಂವ ಅಲ್ಲ. ಕಾಕಾನ ಮ್ಯಾಲೆ ಕೈ ಎತ್ತಿದಾಂವನೂ ಅಲ್ಲ. ನಿನ್ನಾಣಿ ಅಕ್ಕಾ.”

“ಎಲ್ಲಿಂದ ತಂದಿ? ಬೀರಣ್ಣ ಮುಂಜಾನೆ ಕೋರ್ಟಿಗೆ ಹೊಂಟಾನ. ಬೊಗಳು, ಎಲ್ಲದ ಆ ಗಿಡ?”

ಎದೆಯ ಮೇಲಿನ ಫೋನಿನಿಂದ ಜುಲ್ಫಿಕರ ಕೇಳುತ್ತಲೇ ಇದ್ದರು. “ಹಲೋ? ಮೇಡಂ? ಸಸಿ ಯಾರಿಗೆ ಕೊಟ್ಟಿದ್ರು?”

ವಿನೀತ ತಲೆ ಎತ್ತಿದ.

“ಮುದ್ದೇಬಿಹಾಳದಾಗ ಅದ, ನಿನ್ನ ಗಂಡನ ಮನಿ ಹೊಲದಾಗ,” ಎಂದ. “ನಿನ್ನ ಮದುವೀ ಗಿಡಾ ಒಣಗಿಲ್ಲ, ಅಕ್ಕಾ.”